ಶಾಂತರಾಜು ಮೇಷ್ಟ್ರ ಐದು ದಿನದ ತರಬೇತಿ

ಹತ್ತೊಂಬತ್ತು ವರ್ಷ ಪಾಠ ಹೇಳಿದವನನ್ನು ಎದುರಿಗೆ ನಿಲ್ಲಿಸಿಕೊಂಡು "ನಿಮಗೆ ಪಾಠ ಹೇಳೋಕೆ ಬರಲ್ಲ" ಎಂದರೆ ಆತನಿಗೆ ಸಿಟ್ಟು ಬರಬೇಕು, ಇಲ್ಲವೇ ಅಳು ಬರಬೇಕು. ಶಾಂತರಾಜುವಿಗೆ ಆಕಳಿಕೆ ಬಂತು. ಅದರಲ್ಲಿ ಉದ್ಧಟತನವೇನೂ ಇರಲಿಲ್ಲ. ಬೆಳಿಗ್ಗೆ ಪರೀಕ್ಷೆಯ ಕೆಲಸ, ಮಧ್ಯಾಹ್ನ ಯಾವುದೋ ಸಮಿತಿಗೆ ತೋರಿಸಬೇಕಾದ ಫೈಲುಗಳು, ನಡುವೆ ಎರಡು ತರಗತಿ ಎಂದು ಓಡಾಡಿದ ಮನುಷ್ಯ ಪ್ರಿನ್ಸಿಪಾಲರ ಕೋಣೆಯ ಫ್ಯಾನಿನ ಕೆಳಗೆ ಬಂದು ನಿಂತಿದ್ದ. ಮುಂದಿನದನ್ನು ದೇಹವೇ ತೀರ್ಮಾನಿಸಿತು.

ಪ್ರಿನ್ಸಿಪಾಲ್ ಷಡಕ್ಷರಿ ಆಕಳಿಕೆ ಪೂರ್ತಿ ಮುಗಿಯುವವರೆಗೂ ಕಾದರು. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗುವ ದಾರಿಯಲ್ಲಿದ್ದ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ ತಾಳ್ಮೆ ಎಂಬುದು ಇದ್ದರೆ ಅವರೊಬ್ಬರಲ್ಲೇ.

"ವಿದ್ಯಾರ್ಥಿಗಳ ಅಭಿಪ್ರಾಯ ಬಂದಿದೆ ಕಣ್ರೀ. ನಿಮಗೆ ಐದಕ್ಕೆ ಎರಡು ಪಾಯಿಂಟ್ ಒಂದು. ಕ್ಯಾಂಟೀನಿಗೆ ಮೂರೂಕಾಲು ಕೊಟ್ಟಿದ್ದಾರೆ."

"ಕ್ಯಾಂಟೀನಲ್ಲಿ ಅಟೆಂಡೆನ್ಸ್ ಚೆನ್ನಾಗಿರುತ್ತೆ ಸಾರ್."

"ಬರೆದಿರೋದನ್ನೂ ಓದ್ತೀನಿ, ಕೇಳಿ. 'ಸರ್ ತುಂಬಾ ಒಳ್ಳೆಯವರು, ತೊಂದರೆ ಕೊಡುವುದಿಲ್ಲ.' ಇನ್ನೊಬ್ಬ, 'ಸರ್ ದನಿ ಕೇಳಿದರೆ ಹಾಸ್ಟೆಲ್‌ನಲ್ಲಿ ಬಾರದ ನಿದ್ದೆ ಬರುತ್ತದೆ, ದಯವಿಟ್ಟು ಇವರನ್ನು ಬದಲಾಯಿಸಬೇಡಿ.'"

ಮನಸ್ಸಿನಿಂದ ಬರೆದದ್ದು ಅದೊಂದೇ ಎಂದು ಶಾಂತರಾಜುವಿಗೆ ಅನಿಸಿತು.

ಷಡಕ್ಷರಿ ವಿಷಯಕ್ಕೆ ಬಂದರು. ಮಂಗಳವಾರದಿಂದ ಶನಿವಾರದವರೆಗೆ ಅಧ್ಯಾಪಕರಿಗೆಲ್ಲ ಬೋಧನಾ ಕೌಶಲದ ತರಬೇತಿ. ಮೈಸೂರಿನಿಂದ ಡಾಕ್ಟರ್ ಪ್ರೇಮಕುಮಾರಿ ಎಂಬುವರು ಬರುತ್ತಾರೆ. ಅಂಕದಲ್ಲಿ ಕೊನೆಯಲ್ಲಿರುವ ಆರು ಜನ ಶನಿವಾರ ಹದಿನೈದು ನಿಮಿಷ ಪಾಠ ಮಾಡಿ ತೋರಿಸಬೇಕು. ಆ ಮೇಡಮ್ಮು ಸೈ ಅಂದರೆ ಸರಿ. ಅನ್ನದಿದ್ದರೆ ತರಗತಿಯಿಂದ ಬಿಡಿಸಿ ಅಡ್ಮಿಷನ್ ಡ್ಯೂಟಿಗೆ ಹಾಕುವುದು.

ಅಡ್ಮಿಷನ್ ಡ್ಯೂಟಿ ಎಂದರೆ ಓದುಗರು ದೊಡ್ಡ ಮೇಜು, ತಿರುಗುವ ಕುರ್ಚಿ ಎಂದೆಲ್ಲ ಕಲ್ಪಿಸಿಕೊಳ್ಳಬಾರದು. ಕಾಲೇಜಿನ ಹೆಸರಿರುವ ಟೋಪಿ ಹಾಕಿಕೊಂಡು, ಅರಕಲಗೂಡಿನಿಂದ ನುಗ್ಗೇಹಳ್ಳಿಯವರೆಗೆ ಪಿಯು ಕಾಲೇಜುಗಳ ಗೇಟಿನ ಮುಂದೆ ನಿಂತು, ಹೊರಬರುವ ಮಕ್ಕಳ ಕೈಗೆ ಕರಪತ್ರ ಕೊಟ್ಟು, "ಸಿವಿಲ್ ಸೇರ್ಕೊಳ್ಳಪ್ಪ" ಎಂದು ಕೇಳಿಕೊಳ್ಳುವ ಕೆಲಸ ಅದು. ಹೋದ ವರ್ಷ ಒಂದು ವಾರ ಶಾಂತರಾಜು ಹೋಗಿದ್ದ. ಎದುರಾಳಿ ಕಾಲೇಜಿನ ಅಧ್ಯಾಪಕನೊಬ್ಬ ಅದೇ ಮರದ ನೆರಳಲ್ಲಿ ಬೇರೆ ಬಣ್ಣದ ಟೋಪಿ ಹಾಕಿ ನಿಂತಿದ್ದ. ಮಧ್ಯಾಹ್ನವಾದರೂ ಇಬ್ಬರಿಗೂ ಒಬ್ಬ ಹುಡುಗನೂ ಸಿಗದೆ, ಕೊನೆಗೆ ಪರಸ್ಪರ ಕರಪತ್ರ ವಿನಿಮಯ ಮಾಡಿಕೊಂಡು ಎಳನೀರು ಕುಡಿದು ಬಂದಿದ್ದರು.

ಬಿಸಿಲಿಗೆ ಶಾಂತರಾಜು ಹೆದರುವವನಲ್ಲ. ಆದರೆ ಅವನ ವಂಶದಲ್ಲಿ, ಹೆಂಡತಿಯ ವಂಶದಲ್ಲಿ, ಎರಡೂ ಕಡೆಯ ಬೀದಿಗಳಲ್ಲಿ 'ಮೇಷ್ಟ್ರು' ಎಂದು ಕರೆಸಿಕೊಂಡ ಮೊದಲ ಮನುಷ್ಯ ಅವನು. ಜೀವನದಲ್ಲಿ ಅವನು ಸಂಪಾದಿಸಿದ್ದು ಆ ಎರಡಕ್ಷರವನ್ನೇ. ಮರದ ಕೆಳಗೆ ಟೋಪಿ ಹಾಕಿ ನಿಂತವನನ್ನು ಯಾರೂ ಮೇಷ್ಟ್ರು ಎನ್ನುವುದಿಲ್ಲ.

ಭಾನುವಾರ ಹಳೇಕೋಟೆಯಲ್ಲಿ ಮಾವನ ಮನೆ ಕಡೆಯವರ ಬೀಗರೂಟ. ಶಾಮಿಯಾನದ ಕೆಳಗೆ ಸಾಲು ಸಾಲು ಎಲೆ, ಎಲೆಯ ಮೇಲೆ ತೆಂಗಿನಕಾಯಿ ಗಾತ್ರದ ಮುದ್ದೆ. ಶಾಂತರಾಜುವಿನ ಎದುರಿಗೆ ಮಾವ ಗುಂಡಯ್ಯ ಸಾರಿನ ಬಕೀಟು ಹಿಡಿದು ನಿಂತಿದ್ದ. ಗುಂಡಯ್ಯನಿಗೆ ಅಳಿಯನ ಮೇಲೆ ಅಪಾರ ಭಕ್ತಿ. ಎಷ್ಟೆಂದರೆ ಅಳಿಯ ಸೀನಿದರೂ ಅದರಲ್ಲಿ ಇಂಜಿನಿಯರಿಂಗ್ ಇದೆಯೇ ಎಂದು ನೋಡುವವನು.

"ಶಾಂತಿ ಏಳ್ತಿದ್ಲು, ಮಂಗಳವಾರದಿಂದ ಅದೇನೋ ಟ್ರೇನಿಂಗಂತೆ? ಬರೀ ಮೇಷ್ಟ್ರುಗಳೇ ಸೇರ್ತಾರಂತೆ?"

ಈ ಪ್ರಶ್ನೆ ಬಂದ ಗಳಿಗೆಯನ್ನು ಸ್ವಲ್ಪ ಗಮನಿಸಬೇಕು. ಶಾಂತರಾಜು ಆಗಷ್ಟೇ ನಿಂಬೆಹಣ್ಣಿಗಿಂತ ದೊಡ್ಡದೊಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಬಿಟ್ಟಿದ್ದ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ಅದು ಗಂಟಲಿನಿಂದ ಇಳಿದು ಎದೆ ದಾಟುವವರೆಗೆ ಈ ಸೀಮೆಯ ಯಾವ ಗಂಡಸೂ ಮಾತಾಡಲಾರ. ತಲೆಯಾಡಿಸಬಹುದು, ಅಷ್ಟೇ. ಶಾಂತರಾಜು ತಲೆಯಾಡಿಸಿದ.

"ಅಂದ್ರೆ ನೀವು ಮೇಷ್ಟ್ರುಗಳಿಗೇ ಪಾಠ ಏಳ್ಕೊಡ್ತೀರಿ ಅನ್ನಿ!"

ಮೊದಲ ತಲೆಯಾಟ ಇನ್ನೂ ಪೂರ್ತಿ ನಿಂತಿರಲಿಲ್ಲ. ಅದೇ ಎರಡನೇ ಪ್ರಶ್ನೆಗೂ ಉತ್ತರವಾಗಿಹೋಯಿತು. ಮುದ್ದೆ ಇಳಿದು "ಅಲ್ಲ ಮಾವ" ಎಂದು ಬಾಯಿ ತೆರೆಯುವಷ್ಟರಲ್ಲಿ ಗುಂಡಯ್ಯ ಬಕೀಟು ಸಮೇತ ಮೂರು ಸಾಲು ದಾಟಿದ್ದ. "ನಮ್ಮ ಅಳಿಯಂದ್ರು ಮೇಷ್ಟ್ರುಗಳಿಗೇ ಮೇಷ್ಟ್ರು ಆಗ್ಬುಟ್ರು ಕಣ್ಲಾ!" ಎಂದು ಪ್ರತಿ ಎಲೆಗೂ ಸಾರಿನ ಜೊತೆ ಸುದ್ದಿಯನ್ನೂ ಬಡಿಸುತ್ತಿದ್ದ.

ಬಸ್ಸಿನಲ್ಲಿ ಬರುವಾಗ ಹೆಂಡತಿ ಶಾಂತಿ ಕೇಳಿದಳು. "ನಿಜ ಯಾಕೆ ಹೇಳ್ಲಿಲ್ಲ ನೀವು?"

"ಬಾಯಲ್ಲಿ ಮುದ್ದೆ ಇತ್ತು."

"ಆಮೇಲೆ?"

"ಆಮೇಲೆ ನಿಮ್ಮಪ್ಪ ಇನ್ನೊಂದು ಹಾಕಿದ್ರು."

"ನಾಳೆ ಫೋನ್ ಮಾಡಿ ಹೇಳ್ಬುಡಿ."

"ನೀನೇ ಹೇಳು. ನಿಮ್ಮಪ್ಪ ತಾನೆ."

"ನಿಮ್ಮ ಟ್ರೇನಿಂಗ್ ತಾನೆ."

ಹೀಗೆ ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಸತ್ಯವನ್ನು ಇಬ್ಬರೂ ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹಾಕುತ್ತ ಬಂದರು. ಬಸ್ಸಿಳಿಯುವಾಗ ಇಬ್ಬರೂ ಅದನ್ನು ಸೀಟಿನ ಮೇಲೆಯೇ ಬಿಟ್ಟರು.

ತರಬೇತಿ ಶುರುವಾಯಿತು. ಪ್ರೇಮಕುಮಾರಿ ಐವತ್ತರ ಆಸುಪಾಸಿನ ಹೆಂಗಸು. ದನಿ ಎತ್ತುತ್ತಿರಲಿಲ್ಲ. ಮೊದಲ ದಿನ ಎಲ್ಲ ಅಧ್ಯಾಪಕರನ್ನೂ ವೃತ್ತಾಕಾರವಾಗಿ ನಿಲ್ಲಿಸಿ ಪ್ಲಾಸ್ಟಿಕ್ ಚೆಂಡು ಎಸೆಯಿಸಿದರು. ಚೆಂಡು ಬಂದವರು ತಮ್ಮ ಇಷ್ಟದ ಪ್ರಾಣಿಯ ಹೆಸರು ಹೇಳಬೇಕು. ಮೂವತ್ತು ವರ್ಷ ಸರ್ವಿಸಾದ ಗಣಿತದ ಪ್ರೊಫೆಸರರು "ಎಮ್ಮೆ" ಎಂದು ಹೇಳಿ ತಲೆ ತಗ್ಗಿಸಿ ನಿಂತರು. ಎರಡನೆಯ ದಿನ ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿದರು. ಮೂರನೆಯ ದಿನ ಅವನ್ನೇ ಕಿತ್ತು ಬೇರೆ ಗೋಡೆಗೆ ಅಂಟಿಸಿದರು. ಕಂಪ್ಯೂಟರ್ ವಿಭಾಗದ ಹುರುಪಿನ ಹುಡುಗ ಸಂಜಯ್ ಎಲ್ಲದಕ್ಕೂ ಮೊದಲು ಕೈಯೆತ್ತಿ, ಉಳಿದವರ ಶಾಪಕ್ಕೆ ಗುರಿಯಾದ.

ಶಾಂತರಾಜುವಿಗೆ ಇವೆಲ್ಲದರಲ್ಲಿ ತಲೆಗೆ ಹತ್ತಿದ್ದು ಒಂದೇ ಮಾತು. ಪ್ರೇಮಕುಮಾರಿ ಹೇಳಿದ್ದರು: "ನಾವು ಪ್ರಶ್ನೆ ಕೇಳ್ತೀವಿ, ಕೇಳಿದ ಉಸಿರಲ್ಲೇ ಉತ್ತರಾನೂ ಹೇಳ್ಬಿಡ್ತೀವಿ. ಹಾಗೆ ಮಾಡ್ಬೇಡಿ. ಕೇಳಿ, ಸುಮ್ಮನಿರಿ. ಹತ್ತು ಸೆಕೆಂಡ್ ಸುಮ್ಮನಿರಿ. ಯಾರಾದ್ರೂ ಬಾಯಿ ಬಿಡ್ತಾರೆ." ಹತ್ತೊಂಬತ್ತು ವರ್ಷದಲ್ಲಿ ಅವನು ದಿನಕ್ಕೆ ನಲವತ್ತು ಸಲ "ಅರ್ಥ ಆಯ್ತಾ?" ಎಂದು ಕೇಳಿದ್ದಾನೆ. ಒಮ್ಮೆಯೂ ಉತ್ತರಕ್ಕೆ ಕಾದಿಲ್ಲ. ಸುಮ್ಮನಿರುವುದೂ ಕೆಲಸವೇ ಎಂದಾದರೆ ಈ ಪದ್ಧತಿಯಲ್ಲಿ ತನಗೂ ಸ್ವಲ್ಪ ಭವಿಷ್ಯವಿದೆ ಎಂದುಕೊಂಡ.

ಅತ್ತ ಹಳೇಕೋಟೆಯಲ್ಲಿ ಸುದ್ದಿ ತನ್ನ ಕೆಲಸ ತಾನು ಮಾಡುತ್ತಿತ್ತು. ಬುಧವಾರದ ಹೊತ್ತಿಗೆ ಶಾಂತರಾಜು ಹಾಸನ ಜಿಲ್ಲೆಯ ಮೇಷ್ಟ್ರುಗಳಿಗೆಲ್ಲ ಪಾಠ ಹೇಳುತ್ತಿದ್ದ. ಗುರುವಾರ ಮೈಸೂರಿನವರೂ ಬಂದು ಸೇರಿಕೊಂಡರು. ಶುಕ್ರವಾರ ಬೆಳಿಗ್ಗೆ ಚಾರ್ಟಿನ ಮೇಲೆ ಹೂವಿನ ಚಿತ್ರ ಬಿಡಿಸುತ್ತಿದ್ದಾಗ ಗುಂಡಯ್ಯನ ಫೋನು ಬಂತು.

"ಪಾಠ ಏಳ್ಕೊಡ್ತಾ ಇದ್ರಾ?"

"ಇಲ್ಲ ಮಾವ, ಹೂವು ಬರೀತಿದ್ದೆ."

"ಬರೀರಿ ಬರೀರಿ. ನಾಳೆ ನಾವು ಬತ್ತಾ ಇದ್ದೀವಿ. ನಿಮ್ಮತ್ತೆ ನೋಡ್ಬೇಕು ಅಂತವ್ಳೆ. ನಮ್ಮ ಮಂಚಣ್ಣನೂ ಬತ್ತಾನೆ. ಒಂದು ಗೂಡ್ಸ್ ಗಾಡಿ ಮಾಡೀವಿ. ಹದಿನಾಲ್ಕು ಜನ. ಊಟ ಗೀಟ ಏನೂ ಬ್ಯಾಡ, ಬುತ್ತಿ ತತ್ತೀವಿ."

ಶಾಂತರಾಜು "ಮಾವ, ಅದು ಏನಂದ್ರೆ..." ಎಂದ. ಈ ಸಲ ಬಾಯಲ್ಲಿ ಮುದ್ದೆಯಿರಲಿಲ್ಲ. ಆದರೂ ಮಾತು ಅಲ್ಲಿಂದ ಮುಂದೆ ಹೋಗಲಿಲ್ಲ. ಗುಂಡಯ್ಯ ಆಗಲೇ ಫೋನಿಟ್ಟಿದ್ದ.

ಶನಿವಾರ ಬೆಳಿಗ್ಗೆ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಒಂದು, ಮಾದರಿ ಪಾಠ ಕೇಳಲು ಒಪ್ಪಿಸಿಟ್ಟಿದ್ದ ಇಪ್ಪತ್ತು ಹಾಸ್ಟೆಲ್ ಹುಡುಗರು, ರಜೆಯಲ್ಲಿ ಪಾಠ ಕೇಳುವುದು ಮನುಷ್ಯತ್ವವಲ್ಲ ಎಂದು ತೀರ್ಮಾನಿಸಿ ಹಾಸನಕ್ಕೆ ಸಿನಿಮಾ ನೋಡಲು ಹೋಗಿದ್ದರು. ಎರಡು, ಕಾಲೇಜಿನ ಪೋರ್ಟಿಕೋದಲ್ಲಿ ಗೂಡ್ಸ್ ಗಾಡಿಯೊಂದು ನಿಂತು, ಅದರಿಂದ ಹದಿನಾಲ್ಕು ಜನ, ಮೂರು ಬುತ್ತಿ ಗಂಟು, ಒಂದು ಸೇವಂತಿಗೆ ಹಾರ, ಒಂದು ಶಾಲು ಮತ್ತು ಒಂದು ಮೈಸೂರು ಪೇಟ ಕೆಳಗಿಳಿದವು.

ಷಡಕ್ಷರಿ ಅವರನ್ನು ವಿದ್ಯಾರ್ಥಿಗಳ ಪೋಷಕರೆಂದು ತಿಳಿದು ಕೈಮುಗಿದರು. ಗುಂಡಯ್ಯ, "ನಮ್ಮಳಿಯಂದ್ರು ಶಾಂತರಾಜು ಪಾಠ ಮಾಡೋದ ನೋಡಾಕೆ ಬಂದೋ ಸಾ" ಎಂದ. ಷಡಕ್ಷರಿಯವರ ಹಣೆಯ ಮೇಲೆ ಗಂಟು ಬಿತ್ತು. ಶಾಂತರಾಜುವಿನ ಪಾಠವನ್ನು ಸ್ವಇಚ್ಛೆಯಿಂದ ನೋಡಲು ಬಂದವರನ್ನು ಅವರು ಕಂಡಿದ್ದು ಅದೇ ಮೊದಲು. ಅಷ್ಟರಲ್ಲಿ ಪ್ರೇಮಕುಮಾರಿ ಮುಂದೆ ಬಂದರು.

"ಹುಡುಗರು ಬರಲಿಲ್ಲ ಅಂದ್ರೆ ಇವರೇ ಕೂತ್ಕೊಳ್ಳಲಿ ಸರ್. ಗೊತ್ತಿಲ್ಲದೋರಿಗೆ ಹೇಳಿಕೊಡೋದೇ ತಾನೇ ಪಾಠ?"

ಮೊದಲ ಐದು ಜನ ಈ ಹೊಸ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿದರು. ಪರದೆಯ ಮೇಲೆ ಚಿತ್ರಗಳು ಓಡಿದವು. ಅತ್ತೆ ಸಣ್ಣಕ್ಕ ಪ್ರತಿಯೊಬ್ಬರೂ ಮುಗಿಸಿದಾಗ, "ಇವ್ರಿಗೆಲ್ಲ ನಮ್ಮ ಅಳಿಯಂದ್ರೇ ಕಲಿಸಿರೋದು" ಎಂದು ಪಕ್ಕದವಳಿಗೆ ಪಿಸುಗುಟ್ಟಿದಳು. ಆ ಪಿಸುಮಾತು ಕೊನೆಯ ಬೆಂಚಿನವರೆಗೂ ಕೇಳಿತು. ಅಲ್ಲಿ ಪುಸ್ತಕ ತೆರೆದು ಏನೋ ಬರೆದುಕೊಳ್ಳುತ್ತಿದ್ದ ಪ್ರೇಮಕುಮಾರಿಯವರ ಕಡೆ ಗುಂಡಯ್ಯ ತಿರುಗಿ ಕನಿಕರದಿಂದ ಹೇಳಿದ:

"ನೀನೂ ಹಿಂದೆ ಬಿದ್ದೋಗ್ಬ್ಯಾಡ ಕಣವ್ವ. ವಯಸ್ಸಾಯ್ತು ಅಂತ ಯೋಚ್ನೆ ಮಾಡ್ಬ್ಯಾಡ. ಅರ್ಥ ಆಗ್ದೆ ಇದ್ರೆ ಅಳಿಯಂದ್ರ ಕೇಳು, ಬೇಜಾರಿಲ್ಲದೆ ಏಳ್ಕೊಡ್ತಾರೆ."

ಪ್ರೇಮಕುಮಾರಿ ಪೆನ್ನು ನಿಲ್ಲಿಸಿ ಶಾಂತರಾಜುವಿನ ಮುಖ ನೋಡಿದರು. ಶಾಂತರಾಜು ಕಿಟಕಿಯಾಚೆಯ ನೀರಿನ ಟ್ಯಾಂಕು ನೋಡಿದ. ಅದು ಆ ಕ್ಷಣದಲ್ಲೇ ಕುಸಿದು ಬಿದ್ದು ಎಲ್ಲರೂ ಹೊರಗೋಡಬಾರದೇ ಎಂದು ಆಸೆಪಟ್ಟ. ಅವನದೇ ಸಿವಿಲ್ ವಿಭಾಗದವರು ಕಟ್ಟಿಸಿದ್ದಾದರೂ ಅದು ಬೀಳಲಿಲ್ಲ.

ಅವನ ಸರದಿ ಬಂತು. ನೋಟ್ಸು ನೋಡುವಂತಿಲ್ಲ ಎಂಬುದು ನಿಯಮ. ಹತ್ತೊಂಬತ್ತು ವರ್ಷದಿಂದ ಅವನ ಪಾಠವೆಲ್ಲ ಇದ್ದದ್ದು ಆ ಹಳದಿಗಟ್ಟಿದ ನೋಟ್ಸಿನಲ್ಲಿ. ತಲೆಯಲ್ಲಿ ಇರಿಸಿಕೊಳ್ಳುವ ಅಗತ್ಯ ಎಂದೂ ಬಿದ್ದಿರಲಿಲ್ಲ. ಬೋರ್ಡಿನ ಮೇಲೆ ಗೋಡೆಯೊಂದನ್ನು ಬರೆದ. ಗೋಡೆಯಿಂದ ಹೊರಕ್ಕೆ ಚಾಚಿದ ಸಜ್ಜ ಬರೆದ. ಒಳಗೆ ಕಬ್ಬಿಣದ ಕಂಬಿಯ ಗೆರೆ ಎಳೆದ.

"ಸಜ್ಜಕ್ಕೆ ಕಂಬಿ ಹೀಗೆ ಹಾಕ್ತೀವಿ. ಯಾಕೆ ಹೀಗೆ?"

ಕೇಳಿದ ಮೇಲೆ ಸುಮ್ಮನಾದ. ಹತ್ತು ಸೆಕೆಂಡು ಎಣಿಸಿದ. ಯಾರೂ ಮಾತಾಡಲಿಲ್ಲ. ಮುಂದೇನು ಹೇಳಬೇಕೆಂದು ನೆನಪಿಸಿಕೊಳ್ಳಲು ಹೋದ, ಅಲ್ಲಿ ಏನೂ ಇರಲಿಲ್ಲ. ಆದ್ದರಿಂದ ಮತ್ತೆ ಹತ್ತು ಎಣಿಸಿದ. ಇಪ್ಪತ್ತಾಯಿತು, ಮೂವತ್ತಾಯಿತು. ಷಡಕ್ಷರಿ ಗಡಿಯಾರ ನೋಡಿಕೊಂಡರು. ಸಂಜಯ್ ಕೆಮ್ಮಿದ. ಶಾಂತರಾಜುವಿನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಅರಕಲಗೂಡಿನ ಗೇಟು, ಆ ಮರ, ಆ ಟೋಪಿ ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು.

ಹಳೇಕೋಟೆಯವರಿಗೆ ಹತ್ತು ಜನ ಸೇರಿದಲ್ಲಿ ಯಾರೂ ಮಾತಾಡದಿದ್ದರೆ ಸಾವಿನ ಮನೆಯಲ್ಲಿ ಕೂತಂತಾಗುತ್ತದೆ. ಬೆಂಚುಗಳು ಕಿರುಗುಟ್ಟಿದವು. ಕೊನೆಗೆ ಗುಂಡಯ್ಯನ ಅಣ್ಣ ಮಂಚಯ್ಯ ಎದ್ದು ನಿಂತ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮುದುಕ, ಹೊಳೆನರಸೀಪುರದ ಅರ್ಧ ಮನೆಗಳ ಸಜ್ಜ ಅವನ ಕೈಯದೇ.

"ತಪ್ಪು ತಿಳ್ಕೋಬ್ಯಾಡಿ ಅಳಿಯಂದ್ರೇ. ಅದು ಬಿದ್ದೋಯ್ತದೆ."

"ಏನು?"

"ಸಜ್ಜ. ನೀವು ಕಂಬೀನ ಕೆಳಗಡೆ ಬರ್ದಿದ್ದೀರಿ. ಸಜ್ಜಕ್ಕೆ ಮೇಲ್ಗಡೆ ಕಟ್ಬೇಕು. ಕೆಳಗೆ ಕಟ್ಟಿದ್ರೆ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿವ್ಸವೇ ತಲೆ ಮೇಲೆ ಬತ್ತದೆ."

ಶಾಂತರಾಜು ತಿರುಗಿ ಬೋರ್ಡು ನೋಡಿದ. ಮುದುಕ ಹೇಳಿದ್ದು ಸರಿ. ಎರಡನೇ ವರ್ಷದ ಹುಡುಗ ಹೀಗೆ ಬರೆದಿದ್ದರೆ ಅವನೇ ಸೊನ್ನೆ ಕೊಡುತ್ತಿದ್ದ. ಮುಗಿಯಿತು ಎಂದುಕೊಂಡ. ಮುಗಿಯಿತು ಅಂದಾಗ ಮನುಷ್ಯನಿಗೆ ಒಂದು ನಿರಾಳ ಬರುತ್ತದೆಯಲ್ಲ, ಅದು ಬಂತು. ದಣಿದ ದನಿಯಲ್ಲಿ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ:

"ಮೇಲ್ಗಡೆ ಯಾಕೆ ಕಟ್ತೀರಿ ದೊಡ್ಡಮಾವ?"

"ಅದು ಗೊತ್ತಿಲ್ಲ. ನಮ್ಮ ಮೇಸ್ತ್ರಿ ಇಂಗೇ ಕಟ್ಟು ಅಂದ, ಕಟ್ದೆ. ಬಾಗಿಲ ಮೇಲಿನ ತೊಲೆಗೆ ಕೆಳಗೆ, ಸಜ್ಜಕ್ಕೆ ಮೇಲೆ. ಯಾಕೆ ಅಂತ ಕೇಳಿದ್ಕೆ ಕರಣೆಯಲ್ಲಿ ಒಡೆದ."

ಶಾಂತರಾಜು ಸೀಮೆಸುಣ್ಣ ಕೆಳಗಿಟ್ಟು ಬೆಂಚುಗಳ ನಡುವೆ ಬಂದ. "ಅತ್ತೆ, ಆ ಬುತ್ತಿ ಗಂಟು ದೊಡ್ಡಮಾವನ ಕೈಗೆ ಕೊಡಿ. ದೊಡ್ಡಮಾವ, ಕೈ ನೇರ ಮುಂದಕ್ಕೆ ಚಾಚಿ ಹಿಡ್ಕೊಳ್ಳಿ. ಇಳಿಸ್ಬೇಡಿ."

ಮಂಚಯ್ಯ ಹಿಡಿದ. ಅರ್ಧ ನಿಮಿಷಕ್ಕೆ ಕೈ ನಡುಗತೊಡಗಿತು.

"ಎಲ್ಲಿ ಎಳೀತಿದೆ?"

"ಇಲ್ಲಿ. ಭುಜದ ಮೇಲೆ."

"ಕಂಕುಳಲ್ಲಿ?"

"ಕಂಕುಳಲ್ಲಿ ಒತ್ತಂಗೈತೆ. ಎಳೀತಿರೋದು ಮೇಲ್ಗಡೆ."

"ನಿಮ್ಮ ಕೈಯೇ ಸಜ್ಜ. ಮೈಯೇ ಗೋಡೆ. ಭಾರ ಬಿದ್ದರೆ ಮೇಲುಗಡೆ ಎಳೆಯುತ್ತೆ, ಕೆಳಗಡೆ ಒತ್ತುತ್ತೆ. ಕಾಂಕ್ರೀಟು ಒತ್ತಿದರೆ ತಡೆಯುತ್ತೆ, ಎಳೆದರೆ ಸೀಳುತ್ತೆ. ಎಳೆತ ತಡೆಯೋದು ಕಬ್ಬಿಣ. ಎಲ್ಲಿ ಎಳೆಯುತ್ತೋ ಅಲ್ಲಿ ಕಂಬಿ."

ಎಲ್ಲರೂ ತಮ್ಮ ತಮ್ಮ ಕೈ ಚಾಚಿ ನೋಡತೊಡಗಿದರು. ಸಣ್ಣಕ್ಕ ಇನ್ನೊಂದು ಬುತ್ತಿ ಗಂಟು ಹಿಡಿದು "ಹೌದು ಕಣೆ, ಇಲ್ಲೇ ನೋಯ್ತದೆ" ಎಂದಳು. ಗಣಿತದ ಪ್ರೊಫೆಸರರು ಬ್ಯಾಗು ಹಿಡಿದರು. ಪ್ರಿನ್ಸಿಪಾಲ್ ಷಡಕ್ಷರಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಹಾಜರಿ ಪುಸ್ತಕ ಹಿಡಿದು ಕೈ ಚಾಚಿದರು. ಮಂಚಯ್ಯ ಮಾತ್ರ ಗಂಟು ಇಳಿಸಿ ತನ್ನ ಭುಜವನ್ನು ಮುಟ್ಟಿ ಮುಟ್ಟಿ ನೋಡುತ್ತ ನಿಂತಿದ್ದ.

"ನಲವತ್ತು ವರ್ಸ ಕಟ್ಟಿವ್ನಿ ಅಳಿಯಂದ್ರೇ," ಎಂದ. "ಇವತ್ತು ಗೊತ್ತಾಯ್ತು."

ಶಾಂತರಾಜುವಿಗೆ ಸಂತೋಷವಾಯಿತು. ಎಷ್ಟು ಸಂತೋಷವಾಯಿತೆಂದರೆ ಬೋರ್ಡಿನ ಕಡೆ ತಿರುಗಿ ತಪ್ಪು ಗೆರೆಯನ್ನು ಎರಡೆರಡು ಸಲ ಒರೆಸಿದ. ಹತ್ತೊಂಬತ್ತು ವರ್ಷದಲ್ಲಿ ಅವನ ತರಗತಿಯಿಂದ ಯಾರೂ ಏನನ್ನೂ ಹೀಗೆ ತೆಗೆದುಕೊಂಡು ಹೋಗಿರಲಿಲ್ಲ.

ಪ್ರೇಮಕುಮಾರಿ ಎದ್ದರು. "ಇವರು ಮಾಡಿದ್ದನ್ನ ನೋಡಿದ್ರಾ? ಬೇಕಂತಲೇ ತಪ್ಪು ಚಿತ್ರ ಬರೆದು, ಒಂದು ನಿಮಿಷ ಬಾಯಿ ಬಿಡದೆ ನಿಂತು, ವಿದ್ಯಾರ್ಥಿಯೇ ತಪ್ಪು ಹಿಡಿಯೋ ಹಾಗೆ ಮಾಡಿದರು. ಅಷ್ಟು ಹೊತ್ತು ಸುಮ್ಮನಿರೋ ಧೈರ್ಯ ನನಗೂ ಇಲ್ಲ. ಐದಕ್ಕೆ ಐದು."

ಬೇಕಂತಲೇ ಅಲ್ಲ ಎಂದು ಹೇಳಲು ಶಾಂತರಾಜು ಬಾಯಿ ತೆರೆದ. ಅಷ್ಟರಲ್ಲಿ ಅವನ ತಲೆಯ ಮೇಲೆ ಪೇಟ ಕೂತಿತ್ತು. ಪ್ರೇಮಕುಮಾರಿ ಪ್ರಮಾಣಪತ್ರ ಕೈಗಿತ್ತಾಗ ಗುಂಡಯ್ಯ ಕಣ್ಣೊರೆಸಿಕೊಂಡ. "ನೋಡು, ಶಿಷ್ಯೆ ಗುರುಗಳಿಗೆ ಎಂಗೆ ಮರ್ವಾದೆ ಮಾಡ್ತಾಳೆ!"

ಶಾಂತರಾಜುವಿಗೆ ಸಾಕಾಗಿತ್ತು. ಇಷ್ಟು ಒಳ್ಳೆಯದೊಂದು ನಡೆದ ದಿನ ಸುಳ್ಳು ಜೊತೆಗಿರುವುದು ಬೇಡವೆನಿಸಿತು. ಮಾವನ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿಯೇಬಿಟ್ಟ. "ಮಾವ, ನಾನು ಇಲ್ಲಿ ಹೇಳ್ಕೊಡೋಕೆ ಬಂದೋನಲ್ಲ. ಕಲಿಯೋಕೆ ಬಂದೋನು. ಆ ಮೇಡಮ್ಮೇ ನಮಗೆ ಗುರುಗಳು."

ಗುಂಡಯ್ಯ ಹದಿಮೂರು ಜನರ ಕಡೆಗೂ ತಿರುಗಿ, "ಕೇಳ್ಕಂಡ್ರೇನ್ರಲಾ?" ಎಂದ. "ಇಷ್ಟು ಓದ್ಕಂಡು, ಮೇಷ್ಟ್ರುಗಳಿಗೇ ಮೇಷ್ಟ್ರಾಗಿ, ನಾನು ಕಲಿಯಾಕೆ ಬಂದೋನು ಅಂತಾರಲ್ಲ! ಇಂಥ ಗುಣ ಎಲ್ಲೈತೆ ಏಳಿ!" ಹದಿಮೂರು ಜನವೂ ಚಪ್ಪಾಳೆ ತಟ್ಟಿದರು. ಶಾಂತರಾಜು ಕೈಚೆಲ್ಲಿ ಕುರ್ಚಿಯಲ್ಲಿ ಕೂತ. ಮನೆಗೆ ಹೋಗಿ ಹೇಳಿದಾಗ ಶಾಂತಿ, "ಹೋಗ್ಲಿ ಬಿಡಿ, ಪ್ರಯತ್ನ ಮಾಡಿದ್ರಲ್ಲ" ಎಂದಳು.

ಸೋಮವಾರ ಷಡಕ್ಷರಿ ಅವನನ್ನು ಕರೆಸಿದರು. ಈ ಸಲ ಕುರ್ಚಿ ತೋರಿಸಿದರು, ಕಾಫಿ ತರಿಸಿದರು. ಶಾಂತರಾಜು ಭಾನುವಾರ ಪೂರ್ತಿ ಕೂತು ಮುಂದಿನ ಸೆಮಿಸ್ಟರಿನ ಮೊದಲ ಪಾಠ ಯೋಚಿಸಿದ್ದ. ನೋಟ್ಸನ್ನು ಮುಟ್ಟಿರಲಿಲ್ಲ. ಮೊದಲ ದಿನ ಹುಡುಗರ ಕೈಗೆ ಬ್ಯಾಗು ಹಿಡಿಸುವುದೆಂದು ತೀರ್ಮಾನಿಸಿದ್ದ.

"ಅದ್ಭುತ ಕಣ್ರೀ," ಎಂದರು ಷಡಕ್ಷರಿ. "ಹಳ್ಳಿಯಿಂದ ಬಂದ ಹದಿನಾಲ್ಕು ಜನರನ್ನ ಹದಿನೈದು ನಿಮಿಷದಲ್ಲಿ ಕೈಯೆತ್ತಿಸಿಬಿಟ್ರಲ್ಲ! ನಮ್ಮ ಜನರ ಹತ್ರ ಹೀಗೆ ಮಾತಾಡೋರು ನಮ್ಮಲ್ಲಿ ಯಾರೂ ಇಲ್ಲ. ಮೀಟಿಂಗಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ರು. ಇಂಥವರು ನಾಲ್ಕು ಗೋಡೆ ಮಧ್ಯೆ ಯಾಕೆ ವ್ಯರ್ಥ ಆಗ್ಬೇಕು? ಈ ವರ್ಷ ಅರಕಲಗೂಡು, ಹೊಳೆನರಸೀಪುರ ಎರಡೂ ತಾಲ್ಲೂಕಿನ ಅಡ್ಮಿಷನ್ ನಿಮ್ಮ ಜವಾಬ್ದಾರಿ. ನಿಮ್ಮ ಕ್ಲಾಸು ಸಂಜಯ್ ನೋಡ್ಕೋತಾನೆ."

"ಸಂಜಯ್ ಕಂಪ್ಯೂಟರ್ ಅಲ್ವಾ ಸಾರ್?"

"ಪರದೆ ಮೇಲೆ ಹಾಕಿ ತೋರಿಸ್ತಾನೆ ಬಿಡಿ."

"ಸಾರ್," ಎಂದ ಶಾಂತರಾಜು. ಅವನ ದನಿ ಅವನಿಗೇ ಹೊಸದಾಗಿ ಕೇಳಿತು. "ನಂಗೆ ಪಾಠ ಮಾಡ್ಬೇಕು ಅಂತ ಆಸೆ ಆಗಿರೋದು ಇದೇ ಮೊದಲ ಸಲ ಸಾರ್."

"ಅದೇ ಬೇಕಾಗಿರೋದು!" ಎಂದು ಷಡಕ್ಷರಿ ಮೇಜು ಕುಟ್ಟಿದರು. "ಆ ಉತ್ಸಾಹ ಅರಕಲಗೂಡಲ್ಲಿ ತೋರ್ಸಿ."

ಮಾರನೆಯ ವಾರ ಅರಕಲಗೂಡಿನ ಪಿಯು ಕಾಲೇಜೊಂದರ ಗೇಟಿನ ಮುಂದೆ, ಮಧ್ಯಾಹ್ನ ಒಂದೂವರೆಯ ಬಿಸಿಲಿನಲ್ಲಿ, ಶಾಂತರಾಜು ಟೋಪಿ ಹಾಕಿಕೊಂಡು ನಿಂತಿದ್ದ. ಮಕ್ಕಳು ಕರಪತ್ರ ತೆಗೆದುಕೊಂಡು ಬೀಸಣಿಗೆ ಮಾಡಿಕೊಂಡು ಹೋಗುತ್ತಿದ್ದರು. ಮೇಘಶ್ರೀ ಎಂದು ಐಡಿ ಕಾರ್ಡು ಹಾಕಿಕೊಂಡಿದ್ದ ಒಬ್ಬ ಹುಡುಗಿ ಮಾತ್ರ ನಿಂತು ಅದನ್ನು ಹಿಂದೆ ಮುಂದೆ ಪೂರ್ತಿ ಓದಿದಳು. ಬಸ್ಸಿನ ಸೌಕರ್ಯ ಕೇಳಲಿಲ್ಲ, ಹಾಸ್ಟೆಲ್ ಕೇಳಲಿಲ್ಲ.

"ಅಂಕಲ್, ಅಲ್ಲಿ ಪಾಠ ಚೆನ್ನಾಗಿ ಮಾಡ್ತಾರಾ?"

ಶಾಂತರಾಜು ಮನಸ್ಸಿನಲ್ಲೇ ಹತ್ತು ಎಣಿಸಿದ. ಹುಡುಗಿ ಕಾದಳು.

"ಒಬ್ಬರು ಚೆನ್ನಾಗಿ ಮಾಡೋಕೆ ಶುರು ಮಾಡಿದ್ರಮ್ಮ," ಎಂದ. "ಅವರನ್ನ ಬೇರೆ ಡ್ಯೂಟಿ ಮೇಲೆ ಹೊರಗಡೆ ಕಳ್ಸಿದ್ದಾರೆ."